ಸೊನ್ನೆಯನ್ನೂ ಬರೆದಿಡಿ

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೊರಟರೆ ದಾರಿಯಲ್ಲಿ ಬಾಳೂರು ಸಿಗುತ್ತದೆ. ಮಳೆಗಾಲ ಹಿಡಿಯಿತೆಂದರೆ ಈ ಸೀಮೆಯ ಜನ ಒಬ್ಬರನ್ನೊಬ್ಬರು ಕಂಡಾಗ ‘ಊಟ ಆಯ್ತಾ?’ ಎಂದು ಕೇಳುವುದಕ್ಕೂ ಮೊದಲು ‘ನಿಮ್ಮಲ್ಲಿ ಎಷ್ಟು ಬಿತ್ತು?’ ಎಂದು ಕೇಳುತ್ತಾರೆ. ಏನು ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರವೂ ಅಷ್ಟೇ ಚುಟುಕು: ‘ಎರಡು ಇಂಚು ನಲವತ್ತು ಸೆಂಟು.’ ದೇಶವೆಲ್ಲ ಮಿಲಿಮೀಟರಿಗೆ ಹೊರಳಿ ದಶಕಗಳೇ ಕಳೆದಿದ್ದರೂ ಕಾಫಿ ತೋಟದ ಮಳೆ ಮಾತ್ರ ಇಂದಿಗೂ ಇಂಚು, ಸೆಂಟುಗಳಲ್ಲೇ ಬೀಳುತ್ತದೆ! ಒಂದು ಇಂಚಿಗೆ ನೂರು ಸೆಂಟು, ಅಷ್ಟೇ ಲೆಕ್ಕ.

ಈ ಉತ್ತರ ಬಾಯಿಗೆ ಬಂದ ಅಂದಾಜಲ್ಲ. ತೋಟದ ಮನೆಯ ಮುಂದೆ, ಮರದ ನೆರಳು ಬೀಳದ ಜಾಗದಲ್ಲಿ, ಒಂದು ಮಳೆಮಾಪಕ ನಿಂತಿರುತ್ತದೆ. ಬೆಳಿಗ್ಗೆ ತೋಟದ ಯಜಮಾನರೋ ರೈಟರೋ ಅದರ ಆಲಿಕೆ ಎತ್ತಿ, ಒಳಗಿನ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ಓದಿದ್ದನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಚೆಕ್‌ರೋಲಿನ ಪಕ್ಕದಲ್ಲೇ ಇರುವ ಈ ಮಳೆ ಪುಸ್ತಕ ಅನೇಕ ಮನೆಗಳಲ್ಲಿ ಅಜ್ಜನ ಕೈಯಿಂದ ಅಪ್ಪನ ಕೈಗೆ, ಅಪ್ಪನಿಂದ ಮಗಳ ಕೈಗೆ ಬಂದಿದೆ.

ಇಷ್ಟೊಂದು ಶ್ರದ್ಧೆ ಯಾಕೆ? ಯಾಕೆಂದರೆ ಕಾಫಿ ಗಿಡ ಮಳೆಯ ಲೆಕ್ಕ ಇಟ್ಟುಕೊಳ್ಳುತ್ತದೆ. ಬೇಸಿಗೆಯ ನಡುವೆ ಬರುವ ಹೂಮಳೆ ಒಂದು ಇಂಚಿನ ಆಸುಪಾಸಿನಲ್ಲಿ ಬಿದ್ದರೆ ವಾರದ ಮೇಲೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಬರೀ ಹತ್ತು, ಹದಿನೈದು ಸೆಂಟು ಉದುರಿಸಿ ಮಳೆ ಓಡಿಹೋದರೆ ಮೊಗ್ಗು ಅರೆಬರೆಯಾಗಿ ಕರಟುತ್ತದೆ. ಹೂವಾದ ಮೇಲೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ ಬೇಕು. ಸ್ಪ್ರಿಂಕ್ಲರ್ ಹಾಕಬೇಕೆ, ಇನ್ನೆರಡು ದಿನ ಕಾಯಬೇಕೆ ಎಂಬ ತೀರ್ಮಾನಕ್ಕೆ ಆ ಪುಸ್ತಕದ ಸಾಲೇ ಆಧಾರ.

ಈ ವಾರ ನಾನು ಕಾಫಿಯ ಬಗ್ಗೆ ಬರೆಯಲು ಹೊರಟಿಲ್ಲ. ಕಂಪ್ಯೂಟರಿನ ಬಗ್ಗೆ ಬರೆಯಬೇಕಿದೆ. ಆದರೆ ಮಳೆ ಪುಸ್ತಕ ಅರ್ಥವಾದವರಿಗೆ ಕಂಪ್ಯೂಟರ್ ಕಲಿಯುವ ಮಕ್ಕಳು ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯ ಮಾಡುವ ಒಂದು ಪಾಠ ಅರ್ಧ ಮುಗಿದಂತೆಯೇ. ಆ ಪಾಠದ ಹೆಸರು ‘ಲಾಗ್’.

ಲಾಗ್ ಎಂದರೆ ಮರದ ತುಂಡು. ಹಿಂದಿನ ಕಾಲದ ಹಡಗಿನವರು ವೇಗ ತಿಳಿಯಲು ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ಹಿಂಬದಿಯಿಂದ ಸಮುದ್ರಕ್ಕೆ ಎಸೆಯುತ್ತಿದ್ದರು. ಹಗ್ಗದಲ್ಲಿ ಸಮ ದೂರಕ್ಕೊಂದು ಗಂಟು. ಮರಳಿನ ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ‘ನಾಟ್’ ಎಂದರೆ ಗಂಟುಗಳಲ್ಲಿ ಹೇಳುವುದು ಅದಕ್ಕೇ. ಆ ಲೆಕ್ಕ ಬರೆದಿಡುವ ಪುಸ್ತಕ ‘ಲಾಗ್ ಬುಕ್’ ಆಯಿತು. ಕಂಪ್ಯೂಟರಿನವರು ‘ಬುಕ್’ ಬಿಟ್ಟು ‘ಲಾಗ್’ ಇಟ್ಟುಕೊಂಡರು. ಒಂದು ಪ್ರೋಗ್ರಾಂ ತಾನು ಯಾವ ಹೊತ್ತಿನಲ್ಲಿ ಏನು ಮಾಡಿದೆ, ಏನು ಮಾಡಲಾಗಲಿಲ್ಲ ಎಂದು ತಾನೇ ಬರೆದಿಡುವ ದಿನಚರಿಯೇ ಲಾಗ್.

ಬಾಳೂರಿನ ಒಬ್ಬ ಹೈಸ್ಕೂಲು ಹುಡುಗಿಯನ್ನು ಕಲ್ಪಿಸಿಕೊಳ್ಳಿ. ವಿಜ್ಞಾನ ಪ್ರದರ್ಶನಕ್ಕೆಂದು ಅವಳು ತಾನೇ ಅಳೆದುಕೊಳ್ಳುವ ಮಳೆಮಾಪಕ ಮಾಡಿದ್ದಾಳೆ. ಒಳಗೊಂದು ಪುಟ್ಟ ತೂಗುಚಮಚ. ಆಲಿಕೆಯಿಂದ ನೀರು ತೊಟ್ಟಿಕ್ಕಿ ತುಂಬಿದಾಗ ಚಮಚ ಒಂದು ಕಡೆಗೆ ವಾಲಿ ಖಾಲಿಯಾಗುತ್ತದೆ. ವಾಲಿದಾಗ ಒಂದು ಸ್ವಿಚ್ಚು ಒತ್ತಿಕೊಳ್ಳುತ್ತದೆ. ಒಂದು ಸಲ ವಾಲಿದರೆ 0.2 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಸ್ವಿಚ್ಚಿನ ತಂತಿ ಒಂದು ಸಣ್ಣ ಕಂಪ್ಯೂಟರಿಗೆ ಸೇರಿದೆ. ಅದರಲ್ಲಿ ಅವಳು ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದಿದ್ದಾಳೆ. ಬೆಳಿಗ್ಗೆ ಎಂಟೂವರೆಗೆ ಅದು ಎಣಿಕೆ ಓದಿ, ಗುಣಿಸಿ, ಪರದೆಯ ಮೇಲೆ ತೋರಿಸುತ್ತದೆ: 62.4.

ಅಪ್ಪ, ಅಮ್ಮ ಬಂದು ನೋಡಿ ಬೆನ್ನು ತಟ್ಟುತ್ತಾರೆ. ಮರುದಿನ ‘ನಿನ್ನೆ ಎಷ್ಟಿತ್ತು?’ ಎಂದು ಕೇಳಿದರೆ ಉತ್ತರವಿಲ್ಲ. ಪರದೆಯ ಮೇಲೆ ಬಂದದ್ದು ಪರದೆಯ ಜೊತೆಗೇ ಹೋಯಿತು. ರೈಟರ ಪುಸ್ತಕದಲ್ಲಿ ಇರುವುದು ಕಂಪ್ಯೂಟರಿನಲ್ಲಿಲ್ಲ!

ಆಗ ಅವಳು ಎರಡನೆಯ ಹೆಜ್ಜೆ ಇಡುತ್ತಾಳೆ: ಪಠ್ಯದ ಫೈಲೊಂದನ್ನು ತೆರೆದು ಅದರಲ್ಲಿ ಬರೆಯುವುದು. ಇಲ್ಲೊಂದು ಗುಂಡಿಯಿದೆ, ಎಷ್ಟೋ ಜನ ಬೀಳುವಂಥದ್ದು. ಫೈಲು ತೆರೆಯುವ ಆಜ್ಞೆಯಲ್ಲಿ ಯಾತಕ್ಕಾಗಿ ತೆರೆಯುತ್ತೀರಿ ಎಂದು ಒಂದಕ್ಷರದಲ್ಲಿ ಹೇಳಬೇಕು. ‘ಡಬ್ಲ್ಯೂ’ ಎಂದರೆ ಹೊಸದಾಗಿ ಬರೆ. ಒಳಗೆ ಹಳೆಯದೇನಾದರೂ ಇದ್ದರೆ ಒರೆಸಿಹಾಕು. ‘ಎ’ ಎಂದರೆ ಇದ್ದದ್ದು ಇರಲಿ, ಕೊನೆಯಲ್ಲಿ ಸೇರಿಸು. ಪುಸ್ತಕದಲ್ಲಿ ಮೊದಲ ಸಲ ನೋಡುವ ಉದಾಹರಣೆ ಬಹುಪಾಲು ‘ಡಬ್ಲ್ಯೂ’ ಆಗಿರುವುದರಿಂದ ಮಕ್ಕಳು ಅದನ್ನೇ ನಕಲು ಮಾಡುತ್ತಾರೆ. ಸ್ಕ್ರಿಪ್ಟ್ ದಿನಾ ನಡೆಯುತ್ತದೆ, ಯಾವ ತಪ್ಪನ್ನೂ ತೋರಿಸುವುದಿಲ್ಲ. ಮೂರು ತಿಂಗಳಾದ ಮೇಲೆ ಫೈಲು ತೆರೆದರೆ ಒಂದೇ ಒಂದು ಸಾಲು, ಅದೂ ಇವತ್ತಿನದು! ಒಂದಿಡೀ ಮುಂಗಾರು ಒಂದಕ್ಷರದಲ್ಲಿ ತೊಳೆದುಹೋಯಿತು. ಲಾಗಿನ ಫೈಲನ್ನು ಯಾವತ್ತೂ ‘ಎ’ ಅಕ್ಷರದಿಂದಲೇ ತೆರೆಯಬೇಕು.

ಈಗ ಸಾಲುಗಳು ಒಂದರ ಕೆಳಗೊಂದು ಸೇರುತ್ತಿವೆ: 62.4, 18, 0, 101.6. ಇವು ಏನು? ಯಾವ ದಿನದವು? ಮಿಲಿಮೀಟರೋ, ಇಂಚೋ? ಬರೆದವಳಿಗೆ ಇವತ್ತು ಗೊತ್ತು. ಮುಂದಿನ ವರ್ಷ ಅವಳಿಗೇ ಮರೆತಿರುತ್ತದೆ. ಲಾಗ್ ಬರೆಯುವುದು ಇವತ್ತಿನ ನಮಗಾಗಿ ಅಲ್ಲ. ಎಂದೋ ಒಂದು ದಿನ ಗಾಬರಿಯಲ್ಲಿ ಅದನ್ನು ತೆರೆಯುವ ಅಪರಿಚಿತರಿಗಾಗಿ. ಆ ಅಪರಿಚಿತರು ನಾವೇ ಆಗಿರಬಹುದು. ಆದ್ದರಿಂದ ಪ್ರತಿ ಸಾಲಿಗೂ ಒಂದೇ ಅಚ್ಚು ಬೇಕು. ಅವಳ ಲಾಗ್ ಹೀಗಿರಲಿ:

2025-07-18 08:30:00 | ಮಾಹಿತಿ | ಬಾಳೂರು | ಎಣಿಕೆ 312, ಮಳೆ 62.4 ಮಿ.ಮೀ.

ಅಂಕಿಗಳು ಕಾಲ್ಪನಿಕ; ಅಚ್ಚನ್ನು ಗಮನಿಸಿ. ಮೊದಲು ಕಾಲ, ಆಮೇಲೆ ಸಂದೇಶದ ಮಟ್ಟ, ಆಮೇಲೆ ಜಾಗ, ಕೊನೆಗೆ ಸಂದೇಶ. ನಡುವೆ ಗೆರೆ.

ಕಾಲವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದು ಅಂತರರಾಷ್ಟ್ರೀಯ ಪದ್ಧತಿ ಎಂಬ ಒಣ ಜಂಭಕ್ಕಲ್ಲ. ಹಾಗೆ ಬರೆದರೆ ಸಾಲುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸಿದರೂ ಕಾಲದ ಕ್ರಮ ತಾನಾಗಿ ಬರುತ್ತದೆ. ‘7’ ಎನ್ನುವ ಬದಲು ‘07’ ಬರೆಯುವುದೂ ಅದಕ್ಕೇ. ಇಲ್ಲದಿದ್ದರೆ ಕಂಪ್ಯೂಟರು 10ನೇ ತಿಂಗಳನ್ನು 7ನೇ ತಿಂಗಳಿಗಿಂತ ಮೊದಲು ಕೂರಿಸುತ್ತದೆ, ಏಕೆಂದರೆ 1 ಎಂಬ ಅಂಕಿ 7ಕ್ಕಿಂತ ಮುಂಚಿನದು. ಇನ್ನು ಎಂಟೂವರೆ. ನಮ್ಮ ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಹದಿನೆಂಟನೇ ತಾರೀಖಿನ ಸಾಲಿನಲ್ಲಿರುವುದು ಹದಿನೇಳರ ಎಂಟೂವರೆಯಿಂದ ಹದಿನೆಂಟರ ಎಂಟೂವರೆಯವರೆಗೆ ಬಿದ್ದ ಮಳೆ. ಇದನ್ನು ಫೈಲಿನ ತಲೆಯಲ್ಲೇ ಒಂದು ಸಾಲು ಬರೆದಿಟ್ಟರೆ ಮುಂದಿನವರಿಗೆ ಜಗಳವಿಲ್ಲ.

ಅಳತೆಯ ಹೆಸರು ಸಣ್ಣ ವಿಷಯವೆನಿಸಬಹುದು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆ ಮಂಗಳ ಗ್ರಹದ ಬಾಗಿಲಿಗೆ ಹೋಗಿ ನಾಶವಾಯಿತು. ಒಂದು ತಂಡದ ಪ್ರೋಗ್ರಾಂ ಫೈಲಿನಲ್ಲಿ ಬರೆದದ್ದು ಪೌಂಡ್ ಲೆಕ್ಕದ ಸಂಖ್ಯೆ. ಇನ್ನೊಂದು ತಂಡದ ಪ್ರೋಗ್ರಾಂ ಅದನ್ನು ಓದಿಕೊಂಡದ್ದು ನ್ಯೂಟನ್ ಎಂದು. ಸಂಖ್ಯೆ ಸರಿಯಾಗಿಯೇ ಇತ್ತು, ಅರ್ಥ ಬೇರೆಯಾಯಿತು. ಇಂಚು, ಸೆಂಟಿನ ತೋಟಗಳಿಗೂ ಮಿಲಿಮೀಟರಿನ ಇಲಾಖೆಗೂ ನಡುವೆ ಬೆಳೆಯುವ ಮಲೆನಾಡಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಇಂಚಿಗೆ 25.4 ಮಿಲಿಮೀಟರ್. ‘2.4’ ಎಂದಷ್ಟೇ ಬರೆದರೆ ಅದು ಹಳ್ಳ ತುಂಬಿಸಿದ ಮಳೆಯೂ ಆಗಬಹುದು, ಅಂಗಳ ನೆನೆಸಿದ ತುಂತುರೂ ಆಗಬಹುದು.

ಮೇಲಿನ ಸಾಲಿನಲ್ಲಿ ಮಳೆಯ ಜೊತೆಗೆ 312 ಎಂಬ ಎಣಿಕೆಯೂ ಇರುವುದನ್ನು ನೋಡಿದಿರಿ. ಮಳೆ ಸಾಕಲ್ಲ, ಚಮಚ ಎಷ್ಟು ಸಲ ವಾಲಿತೆಂಬುದು ಯಾತಕ್ಕೆ? ಯಾಕೆಂದರೆ ಕಂಡದ್ದು 312, 62.4 ಎಂಬುದು ಅದರಿಂದ ನಾವು ಕಟ್ಟಿದ ಲೆಕ್ಕ. ಒಂದು ವಾಲಿಕೆಗೆ 0.2 ಅಲ್ಲ, 0.22 ಎಂದು ನಾಳೆ ಗೊತ್ತಾದರೆ ಎಣಿಕೆಯಿಂದ ಇಡೀ ವರ್ಷವನ್ನು ಸರಿಪಡಿಸಬಹುದು. ಕಂಡದ್ದನ್ನೂ ಬರೆಯಿರಿ, ಕಟ್ಟಿದ ಲೆಕ್ಕವನ್ನೂ ಬರೆಯಿರಿ.

ಇನ್ನು ಗೆರೆಯ ವಿಚಾರ. ಅಂಕಣಗಳು ಚಂದವಾಗಿ ಒಂದರ ಕೆಳಗೊಂದು ನಿಲ್ಲಲೆಂದು ಕೆಲವರು ಖಾಲಿ ಜಾಗ ತುಂಬಿಸುತ್ತಾರೆ. ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ, ಕನ್ನಡದಲ್ಲಿ ಕೈಕೊಡುತ್ತದೆ. ‘ಕಳಸ’ ಎಂಬಲ್ಲಿ ಮೂರಕ್ಷರ. ‘ಬಾಳೂರು’ ಎಂಬಲ್ಲಿಯೂ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಆದರೆ ಯೂನಿಕೋಡಿನಲ್ಲಿ ದೀರ್ಘಕ್ಕೆ, ಕೊಂಬಿಗೆ ಪ್ರತ್ಯೇಕ ಸಂಕೇತಗಳಿವೆ. ಆದ್ದರಿಂದ ಕಂಪ್ಯೂಟರಿನ ಎಣಿಕೆಯಲ್ಲಿ ಕಳಸ ಮೂರು, ಬಾಳೂರು ಆರು! ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟು. ಅಲ್ಲಿಗೆ ಕಳಸಕ್ಕೆ ಒಂಬತ್ತು, ಬಾಳೂರಿಗೆ ಹದಿನೆಂಟು. ಜಾಗ ತುಂಬಿಸಿ ಸಾಲು ನೇರ ಮಾಡಲು ಹೊರಟರೆ ಸೊಟ್ಟಗಾಗುವುದು ಖಂಡಿತ. ನಡುವೆ ಗೆರೆ ಹಾಕಿಬಿಟ್ಟರೆ ಮುಗಿಯಿತು. ಅಲ್ಪವಿರಾಮ ಬೇಡ, ಅದು ಸಂದೇಶದ ಒಳಗೂ ಬರುತ್ತದೆ. ಜೊತೆಗೆ ಫೈಲು ತೆರೆಯುವಾಗಲೇ ಯುಟಿಎಫ್-8 ಎಂದು ಹೇಳುವುದನ್ನು ಮರೆಯಬಾರದು. ಮರೆತರೆ ಕೆಲವು ಕಂಪ್ಯೂಟರುಗಳಲ್ಲಿ ಸ್ಕ್ರಿಪ್ಟ್ ಕನ್ನಡ ಕಂಡು ಮುಗ್ಗರಿಸಿ ಬೀಳುತ್ತದೆ. ಕನ್ನಡದಲ್ಲಿ ಲಾಗ್ ಬರೆಯಲು ಬೇರೆ ಯಾವ ಅಡ್ಡಿಯೂ ಇಲ್ಲ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು.

ಅಚ್ಚುಕಟ್ಟಾಗಿ ದಾಖಲಿಸುವುದು ನಮಗೆ ಹೊಸದೂ ಅಲ್ಲ. ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯದು, ಅಂದರೆ ಇಂದಿನ ಚಿಕ್ಕಮಗಳೂರಿನದು. ಹೊಯ್ಸಳರ ಮೂಲವೆನ್ನುವ ಅಂಗಡಿ ಗ್ರಾಮ, ಕಳಸ, ಎಲ್ಲ ಅದರಲ್ಲಿವೆ. ನಮ್ಮ ನಾಡಿನ ಶಾಸನಗಳನ್ನು ಓದುತ್ತ ಹೋದರೆ ಒಂದು ಅಚ್ಚು ಕಾಣುತ್ತದೆ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ; ಆಮೇಲೆ ಆಳುವವರು ಯಾರು; ಆಮೇಲೆ ಯಾರು ಯಾರಿಗೆ ಏನು ಕೊಟ್ಟರು; ಕೊನೆಗೆ, ಇದನ್ನು ಅಳಿಸಿದವರಿಗೆ ಶಾಪ. ಕಾಲ, ಮೂಲ, ಸಂದೇಶ, ಮತ್ತು ಅಳಿಸಬೇಡಿ ಎಂಬ ಎಚ್ಚರಿಕೆ. ಕಲ್ಲಿನಲ್ಲಿ ಕೆತ್ತಿದ ಲಾಗ್ ಎನ್ನಲು ಇನ್ನೇನು ಬೇಕು?

ಅವಳ ಸಾಲಿನಲ್ಲಿ ‘ಮಾಹಿತಿ’ ಎಂಬ ಪದವಿದೆ. ಅದೇ ಮಟ್ಟ. 2003ರಲ್ಲಿ ಬಂದ ಪೈಥಾನ್ 2.3 ಆವೃತ್ತಿಯಿಂದ ಆ ಭಾಷೆಯಲ್ಲಿ ‘ಲಾಗಿಂಗ್’ ಎಂಬ ಸಿದ್ಧ ಸಲಕರಣೆ ಇದೆ. ಕಾಲವನ್ನು ತಾನೇ ಹಾಕುತ್ತದೆ, ಅಚ್ಚನ್ನು ಒಮ್ಮೆ ಹೇಳಿದರೆ ಪ್ರತಿ ಸಾಲನ್ನೂ ಅದರಲ್ಲೇ ಎರಕ ಹೊಯ್ಯುತ್ತದೆ, ಬೇರೆ ಏನೂ ಹೇಳದಿದ್ದರೆ ಫೈಲನ್ನು ‘ಎ’ ಅಕ್ಷರದಿಂದಲೇ ತೆರೆಯುತ್ತದೆ. ಅದರಲ್ಲಿ ಐದು ಮಟ್ಟಗಳು: ಡೀಬಗ್, ಇನ್ಫೋ, ವಾರ್ನಿಂಗ್, ಎರರ್, ಕ್ರಿಟಿಕಲ್. ಕ್ರಮವಾಗಿ 10, 20, 30, 40, 50 ಎಂಬ ಅಂಕಗಳು. ಹೆಸರುಗಳನ್ನು ಬೇಕಾದರೆ ಕನ್ನಡಕ್ಕೆ ಬದಲಿಸಿಕೊಳ್ಳಬಹುದು: ಶೋಧ, ಮಾಹಿತಿ, ಎಚ್ಚರಿಕೆ, ದೋಷ, ಗಂಡಾಂತರ. ಮೊದಲ ಸಲ ಬಳಸುವವರು ‘ಫೈಲು ಖಾಲಿಯೇ ಇದೆಯಲ್ಲ’ ಎಂದು ತಲೆ ಕೆರೆದುಕೊಳ್ಳುವುದುಂಟು. ನಾವು ಏನೂ ಹೇಳದಿದ್ದರೆ ಅದು 30ಕ್ಕಿಂತ ಕೆಳಗಿನ ಮಾತನ್ನು ಬರೆಯುವುದಿಲ್ಲ. ಮಾಹಿತಿಯೂ ಬೇಕೆಂದರೆ 20ರಿಂದ ಬರೆ ಎಂದು ಮೊದಲೇ ಹೇಳಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಒಂದು ದಿನ 210 ಮಿಲಿಮೀಟರ್ ಮಳೆ ಬಿತ್ತೆನ್ನಿ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಹುಡುಗಿಗೆ ಅದನ್ನು ‘ಗಂಡಾಂತರ’ದ ಮಟ್ಟದಲ್ಲಿ ಬರೆಯಬೇಕೆನಿಸುವುದು ಸಹಜ. ಆದರೆ ಸ್ಕ್ರಿಪ್ಟಿನ ಮಟ್ಟಿಗೆ ಅದು ಬರೀ ಮಾಹಿತಿ. ಮಾಪಕ ಓದಿತು, ಲೆಕ್ಕ ಸರಿಯಾಯಿತು, ಬರೆದದ್ದಾಯಿತು. ಊರಿಗೆ ಎಚ್ಚರಿಕೆ ಕೊಡಬೇಕಾದದ್ದು ನಿಜ, ಅದು ಬೇರೆ ಕೆಲಸ. ಇನ್ನೊಂದು ದಿನ ಬಿಸಿಲು ಕಾಯುತ್ತಿದೆ, ಇಲಿ ತಂತಿ ಕಡಿದಿದೆ, ಮಾಪಕ ಉತ್ತರಿಸುತ್ತಿಲ್ಲ. ಅದು ‘ದೋಷ’. ಜುಲೈ ತಿಂಗಳ ನಡುಮಳೆಯಲ್ಲಿ ಎರಡು ದಿನ ಸತತ ಸೊನ್ನೆ ಬಂದರೆ ಅದು ‘ಎಚ್ಚರಿಕೆ’. ಆಲಿಕೆಗೆ ಸಿಲ್ವರ್ ಓಕಿನ ಎಲೆ ಬಿದ್ದು ಮುಚ್ಚಿಕೊಂಡಿರಬಹುದು. ಮಟ್ಟ ಹೇಳಬೇಕಾದದ್ದು ಮಳೆಯ ಜೋರನ್ನಲ್ಲ, ನಮ್ಮ ಯಂತ್ರದ ಆರೋಗ್ಯವನ್ನು. ಎಲ್ಲಕ್ಕೂ ‘ಗಂಡಾಂತರ’ ಎಂದು ಕೂಗುವ ಲಾಗ್, ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯೇ.

ಈಗ ನಿಜವಾದ ವಿಷಯಕ್ಕೆ ಬರೋಣ. ಆ ಹುಡುಗಿಯ ಫೈಲಿನಲ್ಲಿ ಒಂದು ದಿನದ ಸಾಲೇ ಇಲ್ಲ. ಅಂದು ಮಳೆ ಬರಲಿಲ್ಲವೇ? ಮಾಪಕ ಕೆಟ್ಟಿತ್ತೇ? ಕರೆಂಟು ಹೋಗಿತ್ತೇ? ಖಾಲಿ ಜಾಗ ಏನನ್ನೂ ಹೇಳುವುದಿಲ್ಲ. ಮಳೆ ಬಂದರೆ ಮಾತ್ರ ಬರೆ ಎಂದು ಸ್ಕ್ರಿಪ್ಟಿಗೆ ಹೇಳಿಕೊಟ್ಟದ್ದೇ ತಪ್ಪು. ತೋಟದ ರೈಟರು ಈ ತಪ್ಪು ಮಾಡುವುದಿಲ್ಲ. ಮಳೆ ಬರದ ದಿನ ಅವರು ತಾರೀಖಿನ ಮುಂದೆ ‘ನಿಲ್’ ಎಂದು ಬರೆಯುತ್ತಾರೆ. ಅಂದರೆ ‘ನಾನು ಹೋಗಿ ನೋಡಿದೆ, ಇರಲಿಲ್ಲ’ ಎಂದು. ಸೊನ್ನೆ ಎಂಬುದು ಒಂದು ಅಳತೆ. ಖಾಲಿ ಎಂಬುದು ಅಳೆಯದೇ ಇದ್ದದ್ದು. ಇವೆರಡನ್ನು ಬೆರೆಸಿದರೆ ಸರಾಸರಿಯೂ ಸುಳ್ಳಾಗುತ್ತದೆ, ಹೂಮಳೆಯ ಲೆಕ್ಕವೂ ಸುಳ್ಳಾಗುತ್ತದೆ. ಆದ್ದರಿಂದ ಮೂರು ಬಗೆಯ ದಿನಗಳಿಗೆ ಮೂರು ಸಾಲು:

2025-07-19 08:30:00 | ಮಾಹಿತಿ | ಬಾಳೂರು | ಎಣಿಕೆ 0, ಮಳೆ 0.0 ಮಿ.ಮೀ.

2025-07-20 08:30:00 | ದೋಷ | ಬಾಳೂರು | ಮಾಪಕ ಉತ್ತರಿಸಲಿಲ್ಲ, ಮಳೆ ಅಳೆದಿಲ್ಲ

2025-07-21 06:12:40 | ಎಚ್ಚರಿಕೆ | ಬಾಳೂರು | ಸ್ಕ್ರಿಪ್ಟ್ ಮತ್ತೆ ಆರಂಭ, ಕೊನೆಯ ಸಾಲು 2025-07-20 08:30:00

ಮೂರನೆಯ ಸಾಲು ತುಂಬಾ ಮುಖ್ಯ. ಕರೆಂಟು ಹೋಗಿ ಸತ್ತ ಸ್ಕ್ರಿಪ್ಟ್ ‘ನಾನು ಸತ್ತೆ’ ಎಂದು ಬರೆಯಲಾರದು. ಆದರೆ ಮತ್ತೆ ಎದ್ದಾಗ ‘ಇಷ್ಟು ಹೊತ್ತು ನಾನಿರಲಿಲ್ಲ’ ಎಂದು ಬರೆಯಬಲ್ಲದು. ಇನ್ನೊಂದು ಮಾತು: ಪೈಥಾನಿನಲ್ಲಿ ನಾವೇ ಫೈಲು ತೆರೆದು ಬರೆದ ಸಾಲು ಕೂಡಲೇ ಫೈಲಿಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ನೆನಪಿನಲ್ಲೇ ಕಾದು ಕುಳಿತಿರುತ್ತದೆ, ಬಸ್ಸು ತುಂಬಲೆಂದು ನಿಲ್ದಾಣದಲ್ಲಿ ಕಾಯುವ ಡ್ರೈವರಿನಂತೆ. ಅಷ್ಟರಲ್ಲಿ ಕರೆಂಟು ಹೋದರೆ ಆ ಸಾಲು ಹೋಯಿತು. ‘ಫ್ಲಶ್’ ಎಂಬ ಆಜ್ಞೆ ಕೊಟ್ಟರೆ ಸಾಲು ಕಾಯದೆ ಹೊರಡುತ್ತದೆ. ಲಾಗಿಂಗ್ ಸಲಕರಣೆ ಪ್ರತಿ ಸಾಲಿಗೂ ಇದನ್ನು ತಾನೇ ಮಾಡುತ್ತದೆ.

ಇದೆಲ್ಲ ಅತಿಯಾಯಿತು ಎನ್ನುತ್ತೀರಾ? 2019ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಸುತ್ತ ಗುಡ್ಡಗಳು ಜಾರಿ ಮನೆ, ತೋಟಗಳು ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. ಅಂಥ ದಿನಗಳಲ್ಲಿ ಕೇಳುವ ಮೊದಲ ಪ್ರಶ್ನೆ ‘ಅಲ್ಲಿ ಎಷ್ಟು ಬಿತ್ತು? ಯಾವ ಹೊತ್ತಿನಲ್ಲಿ ಬಿತ್ತು?’ ಎಂಬುದೇ. ಮಲೆನಾಡಿನಲ್ಲಿ ಗಾಳಿಮಳೆ ಜೋರಾದಾಗ ಮೊದಲು ಹೋಗುವುದು ಕರೆಂಟು, ಆಮೇಲೆ ಫೋನು. ಹಾಗಾಗಿ ಯಾವ ದಿನದ ಸಾಲು ಎಲ್ಲಕ್ಕಿಂತ ಹೆಚ್ಚು ಬೇಕೋ ಆ ದಿನವೇ ಸಾಲು ತಪ್ಪುವ ಸಂಭವ ಹೆಚ್ಚು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಾವಿರಾರು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ತರಿಸಿಕೊಳ್ಳುವ ವ್ಯವಸ್ಥೆ ಮಾಡಿದ್ದು ಸುಮ್ಮನಲ್ಲ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಮೈಸೂರು ಸಂಸ್ಥಾನದ ಪ್ರಯೋಗ ಕೇಂದ್ರವಾಗಿ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೆ ಗಿಡ, ರೋಗ, ಮಳೆಗಳ ಬಗ್ಗೆ ನಮಗೆ ಗೊತ್ತಾಗಿರುವುದೆಲ್ಲ ಯಾರೋ ದಿನಾ ಒಂದು ಸಾಲು ಬರೆದದ್ದರ ಫಲ.

ಇಷ್ಟಾಗಿಯೂ ಬರೆದದ್ದು ತಪ್ಪಾಯಿತು ಎಂದಿಟ್ಟುಕೊಳ್ಳಿ. ಏನು ಮಾಡಬೇಕು? ನಮ್ಮ ಮಕ್ಕಳಿಗೆ ಗೊತ್ತಿರುವ ಉಪಾಯ ಒಂದೇ, ರಬ್ಬರು. ಪಿಯುಸಿ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕಗಳನ್ನು ನೋಡಿ. ಲೋಲಕದ ಪ್ರಯೋಗ ಮಾಡಿದ ಎಲ್ಲರಿಗೂ ಗುರುತ್ವದ ಬೆಲೆ 9.8 ಬಂದಿರುತ್ತದೆ! ಉತ್ತರ ಮೊದಲು ಬರೆದು, ಅದಕ್ಕೆ ತಕ್ಕ ಅಳತೆಗಳನ್ನು ಆಮೇಲೆ ತುಂಬಿಸುವ ವಿದ್ಯೆ ಹಾಸ್ಟೆಲುಗಳಲ್ಲಿ ಒಂದು ರಾತ್ರಿಯಲ್ಲಿ ಕರಗತವಾಗುತ್ತದೆ. ತಂದೆತಾಯಿಗಳೂ ಮೇಷ್ಟರೂ ಅಂಕ ಬಂದರೆ ಸಾಕೆಂದು ಸುಮ್ಮನಿದ್ದುಬಿಡುತ್ತೇವೆ. ಲಾಗಿನಲ್ಲಿ ಈ ವಿದ್ಯೆ ನಡೆಯಬಾರದು. ಹಳೆಯ ಸಾಲನ್ನು ಮುಟ್ಟದೆ, ‘ಹದಿನೆಂಟನೇ ತಾರೀಖಿನ 62.4 ತಪ್ಪು, ಸರಿಯಾದದ್ದು 68.6, ಕಾರಣ ಇದು’ ಎಂದು ಇಂದಿನ ತಾರೀಖಿನಲ್ಲಿ ಹೊಸ ಸಾಲು ಬರೆಯಬೇಕು. ತಪ್ಪಿದ್ದೂ ಕಾಣಬೇಕು, ತಿದ್ದಿದ್ದೂ ಕಾಣಬೇಕು.

ತಪ್ಪು ಮುಚ್ಚಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಇದೆ. 1999ರಿಂದ ಅಲ್ಲಿಯ ಉಪ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಲೆಕ್ಕದ ಕಂಪ್ಯೂಟರ್ ವ್ಯವಸ್ಥೆ ಬಂತು. ಅದು ಇಲ್ಲದ ಕೊರತೆ ತೋರಿಸುತ್ತಿತ್ತು. ಹಣ ನೀವೇ ತೆಗೆದಿರಿ ಎಂದು ಸಣ್ಣ ಊರುಗಳ ಪೋಸ್ಟ್ ಮಾಸ್ಟರುಗಳ ಮೇಲೆ ಮೊಕದ್ದಮೆ ಹೂಡಿದರು. 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಹಲವರು ಜೈಲು ಕಂಡರು. ವ್ಯವಸ್ಥೆಯಲ್ಲಿದ್ದ ದೋಷಗಳ ಪಟ್ಟಿಯೊಂದನ್ನು ತಂತ್ರಜ್ಞರೇ ಇಟ್ಟುಕೊಂಡಿದ್ದರು. ಆ ಪಟ್ಟಿಯ ಮಹತ್ವ ಲಂಡನ್ನಿನ ನ್ಯಾಯಾಲಯದ 2019ರ ತೀರ್ಪಿನಲ್ಲಿ ಬೆಳಕಿಗೆ ಬಂತು. ಆ ತೀರ್ಪುಗಳನ್ನು ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. ದೋಷದ ಸಾಲು ಬರೆದರೆ ಸಾಲದು, ಅದನ್ನು ಯಾರಾದರೂ ಓದಬೇಕು, ಕೇಳಿದವರಿಗೆ ತೋರಿಸಬೇಕು.

ಹಾಗೆಂದು ಕಂಡದ್ದೆಲ್ಲ ಬರೆಯಬಾರದು. ಪಾಸ್‌ವರ್ಡುಗಳು, ಬೇರೆಯವರ ಫೋನ್ ನಂಬರು, ಬ್ಯಾಂಕಿನ ವಿವರ ಲಾಗಿನಲ್ಲಿ ಎಂದೂ ಇರಕೂಡದು. ಲಾಗ್ ಓದುವವರು ಯಾರೆಂದು ಬರೆಯುವಾಗ ಗೊತ್ತಿರುವುದಿಲ್ಲ.

ಫೈಲು ಬೆಳೆದು ಕಂಪ್ಯೂಟರ್ ತುಂಬಿಹೋದೀತೆಂಬ ಹೆದರಿಕೆ ಕೆಲವು ಪೋಷಕರಿಗೆ. ಲೆಕ್ಕ ಹಾಕೋಣ. ಮೇಲೆ ಬರೆದಂಥ ಒಂದು ಸಾಲಿಗೆ ಸುಮಾರು 120 ಬೈಟು. ದಿನಕ್ಕೊಂದರಂತೆ ವರ್ಷಕ್ಕೆ 44 ಸಾವಿರದ ಆಸುಪಾಸು. ನೂರು ವರ್ಷ ಬರೆದರೂ ನಾಲ್ಕೂವರೆ ಮೆಗಾಬೈಟು ಮುಟ್ಟುವುದಿಲ್ಲ. ಮದುವೆ ಮನೆಯಲ್ಲಿ ಮೊಬೈಲಿನಿಂದ ತೆಗೆದ ಒಂದೆರಡು ಫೋಟೋಗಳಷ್ಟು ಜಾಗ! ಹದಿನೈದು ನಿಮಿಷಕ್ಕೊಮ್ಮೆ ಬರೆದರೆ ದಿನಕ್ಕೆ 96 ಸಾಲು. ಆಗ ತಿಂಗಳಿಗೊಂದು ಫೈಲು ಮಾಡಿಕೊಂಡರೆ ಹುಡುಕಲು ಸುಲಭ. ವಾರಕ್ಕೊಮ್ಮೆ ಒಂದು ಪ್ರತಿ ಬೇರೆ ಕಡೆ ಇಡಿ.

ತಂದೆತಾಯಿಗಳಿಗೆ ಒಂದು ಮಾತು. ಮಗುವಿಗೆ ಕಂಪ್ಯೂಟರ್ ಕಲಿಸಬೇಕು, ಯಾವ ಕೋರ್ಸಿಗೆ ಸೇರಿಸಲಿ ಎಂದು ಕೇಳುವವರು ಬಹಳ. ಕೋರ್ಸು ಇರಲಿ. ಅದಕ್ಕೆ ಮುಂಚೆ ಒಂದು ಮಳೆಮಾಪಕ ಕೊಡಿಸಿ. ಕೊಡಿಸಲಾಗದಿದ್ದರೆ ನೇರ ಗೋಡೆಯ ಡಬ್ಬಿಯೊಂದನ್ನು ಅಂಗಳದಲ್ಲಿಟ್ಟು ಅಡ್ಡಪಟ್ಟಿಯಿಂದ ಅಳೆಯಲಿ. ಒಂದು ತಿಂಗಳು ಪುಸ್ತಕದಲ್ಲಿ ಕೈಯಾರೆ ಬರೆಯಲಿ. ಎರಡನೇ ತಿಂಗಳು ಸ್ಕ್ರಿಪ್ಟ್ ಬರೆದು ಫೈಲಿನಲ್ಲಿ ದಾಖಲಿಸಲಿ. ಕೊನೆಯಲ್ಲಿ ಪುಸ್ತಕವನ್ನೂ ಫೈಲನ್ನೂ ಪಕ್ಕದಲ್ಲಿಟ್ಟು, ಯಾವುದನ್ನು ನೋಡಿ ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಹಾಕುವ ತೀರ್ಮಾನ ಮಾಡುತ್ತೀಯ ಎಂದು ಕೇಳಿ. ಒಂದು ದಿನ ಮರೆತು ಅಳೆಯದಿದ್ದರೆ ಬೈಯಬೇಡಿ. ಬೈದರೆ ನಾಳೆಯಿಂದ ಅಂದಾಜಿನ ಅಂಕಿ ಬರೆಯುವುದನ್ನು ಕಲಿಯುತ್ತದೆ. ‘ಅಳೆದಿಲ್ಲ’ ಎಂದು ಬರೆದದ್ದನ್ನು ತೋರಿಸಿದರೆ ‘ಸರಿಯಾಗಿ ಬರೆದೆ’ ಎನ್ನಿ.

ನಾಳೆ ಬೆಳಿಗ್ಗೆ ಎಂಟೂವರೆಗೆ ಬಾಳೂರಿನ ಯಾವುದೋ ತೋಟದಲ್ಲಿ ಯಾರೋ ಕೊಡೆ ಹಿಡಿದು ಅಂಗಳಕ್ಕಿಳಿದು, ಗಾಜಿನ ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ನೀರಿದ್ದರೆ ಇಂಚು, ಸೆಂಟು. ಇಲ್ಲದಿದ್ದರೆ ‘ನಿಲ್’. ನಿಮ್ಮ ಸ್ಕ್ರಿಪ್ಟ್ ಅಷ್ಟು ಪ್ರಾಮಾಣಿಕವಾಗಿದ್ದರೆ ಸಾಕು.